ಹೆಬ್ಬೆರಳ ಕೆಳಗೆ ಎರಡು ಸಾಲು

“ಬೇಗ ಓದೇ, ಆ ಕಾರ್ಡ್‌ನಲ್ಲಿ ಏನಿದೆ?” ಎಂದಳು ಅಮ್ಮ.

ಲ್ಯಾಪ್‌ಟಾಪ್ ಅಂಗಡಿಯ ಗಾಜಿನ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್‌ಗಳು ಬಾಯಿ ತೆರೆದುಕೊಂಡು ಕೂತಿದ್ದವು. ಒಂದು ಬೂದು ಬಣ್ಣದ್ದು, ತೆಳ್ಳಗೆ, ಬಲು ಸಂಭಾವಿತ. ಇನ್ನೊಂದು ಕಪ್ಪು. ಅದರ ಕೀಗಳ ಅಡಿಯಲ್ಲಿ ಕೆಂಪು, ನೀಲಿ, ಹಸಿರು ಬೆಳಕು ಹರಿದಾಡುತ್ತಿತ್ತು. ಚಿನಕುರಳಿಯ ಕಣ್ಣು ಅಂಗಡಿಗೆ ಕಾಲಿಟ್ಟಾಗಿನಿಂದ ಅದರ ಮೇಲೇ!

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗಿಯನ್ನು ಚಿನಕುರಳಿ ಅನ್ನದೆ ಇನ್ನೇನು ಅನ್ನಬೇಕು? ಇವತ್ತು ಮಾತ್ರ ಅವಳು ಆ ಕಪ್ಪು ಲ್ಯಾಪ್‌ಟಾಪ್ ಮುಂದೆ ಗೊಂಬೆಯ ಹಾಗೆ ನಿಂತುಬಿಟ್ಟಿದ್ದಳು.

ಅಮ್ಮನದು ಗೋಡೆಗೆ ಚಿತ್ರ ಬರೆಯುವ ಕೆಲಸ. ಆಸ್ಪತ್ರೆ, ಶಾಲೆ, ಲೈಬ್ರರಿ ಅಂತ ಬಸ್ಸು ಹತ್ತಿ ಹೋಗುತ್ತಾಳೆ. ಗೋಡೆಯ ಅಳತೆ ತೆಗೆದು, ಫೋಟೋ ಹಿಡಿದು, ಆ ಫೋಟೋದ ಮೇಲೆ ಲ್ಯಾಪ್‌ಟಾಪ್‌ನಲ್ಲೇ ಚಿತ್ರ ಕೂರಿಸಿ ಅಲ್ಲಿಯವರಿಗೆ ತೋರಿಸುತ್ತಾಳೆ. ಅವರು ಒಪ್ಪಿದರೆ ಗೋಡೆ ಅಮ್ಮನದು. ಹಳೆಯ ಲ್ಯಾಪ್‌ಟಾಪ್ ಒಂದು ಚಿತ್ರ ತೆರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಅದಕ್ಕೇ ಹೊಸದು ಬೇಕಾಗಿತ್ತು.

“ಎರಡರಲ್ಲೂ ಚಿತ್ರದ ಕೆಲಸ ಚೆನ್ನಾಗಿ ಆಗುತ್ತೆ ಮೇಡಂ. ಬೂದು ಬಣ್ಣದ್ದರಲ್ಲೂ ಗೇಮ್ ಆಡಬಹುದು, ಸ್ವಲ್ಪ ನಿಧಾನ ಅಷ್ಟೇ. ಮಿಕ್ಕಿದ್ದೆಲ್ಲ ಕಾರ್ಡ್‌ನಲ್ಲಿದೆ, ನೋಡ್ತಾ ಇರಿ,” ಎಂದು ಅಂಗಡಿಯ ಅಕ್ಕ ಬೇರೊಬ್ಬರ ಹತ್ತಿರ ಹೋದಳು.

ಅಮ್ಮ ಚೀಲವೆಲ್ಲ ತಡಕಾಡಿದಳು. “ಅಯ್ಯೋ, ಕನ್ನಡಕ ಮನೇಲೇ ಬಿಟ್ಟು ಬಂದಿದ್ದೀನಿ! ಇಷ್ಟು ಸಣ್ಣ ಅಕ್ಷರ ನನಗೆಲ್ಲಿ ಕಾಣುತ್ತೆ? ನೀನೇ ಓದು. ಇವತ್ತು ನನ್ನ ಕಣ್ಣು ನೀನೇ.”

ಚಿನಕುರಳಿ ಮೊದಲು ಬೂದು ಲ್ಯಾಪ್‌ಟಾಪ್‌ನ ಕಾರ್ಡ್ ಓದಿದಳು. ತೂಕ ಒಂದೂವರೆ ಕಿಲೋ. ಆಮೇಲೆ ಕಪ್ಪುದರ ಕಾರ್ಡ್ ಎತ್ತಿಕೊಂಡಳು. “ಸ್ಪೀಡ್ ಸೂಪರ್ ಅಮ್ಮಾ. ಸ್ಕ್ರೀನ್ ದೊಡ್ಡದು. ಬಣ್ಣ ಎಲ್ಲಾ ಕರೆಕ್ಟಾಗಿ ಕಾಣುತ್ತಂತೆ. ತೂಕ ಎರಡು ಕಿಲೋ ನಾನೂರು ಗ್ರಾಂ.”

“ಆಮೇಲೆ?”

ಆಮೇಲೆ ಇನ್ನೂ ಎರಡು ಸಾಲು ಇದ್ದವು. ‘ಚಾರ್ಜರ್ ತೂಕ ಬೇರೆ: ಎಂಟುನೂರು ಗ್ರಾಂ.’ ‘ಬ್ಯಾಟರಿ: ಒಂದೂವರೆಯಿಂದ ಎರಡು ಗಂಟೆ.’

ಚಿನಕುರಳಿಯ ಹೆಬ್ಬೆರಳು ಮೆಲ್ಲಗೆ ಜಾರಿ ಆ ಎರಡು ಸಾಲುಗಳ ಮೇಲೆ ಕೂತಿತು.

“ಅಷ್ಟೇ ಅಮ್ಮಾ.”

ಅಮ್ಮ ಕಪ್ಪು ಲ್ಯಾಪ್‌ಟಾಪ್ ಎತ್ತಿ ನೋಡಿದಳು. ಒಮ್ಮೆ ಬೂದು ಬಣ್ಣದ್ದನ್ನು ನೋಡಿದಳು, ಒಮ್ಮೆ ಮಗಳ ಮುಖ ನೋಡಿದಳು. “ಒಂಚೂರು ಭಾರ. ಆದ್ರೂ ನಾಲ್ಕು ಕಿಲೋದೊಳಗೆ ಎಲ್ಲಾ ಹಿಡಿಸಬಹುದು ಅನ್ಸುತ್ತೆ. ಆಗ್ಲಿ, ನಿನಗೂ ಖುಷಿ ಆಗುತ್ತಲ್ಲ,” ಎಂದಳು.

ಹಿಂದಿನ ವರ್ಷ ಅಮ್ಮ ಏಣಿಯಿಂದ ಬಿದ್ದು ಬಲಗಡೆ ಭುಜಕ್ಕೆ ಪೆಟ್ಟು ಮಾಡಿಕೊಂಡಿದ್ದಳು. ನಾಲ್ಕು ಕಿಲೋಗಿಂತ ಜಾಸ್ತಿ ಹೊರಕೂಡದು ಅಂತ ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರು. ಅವತ್ತಿನಿಂದ ಬಾಗಿಲ ಹಿಂದೆ ಕೊಕ್ಕೆ ಇರುವ ಒಂದು ಪುಟ್ಟ ತಕ್ಕಡಿ ನೇತಾಡುತ್ತಿತ್ತು. ಕೆಲಸಕ್ಕೆ ಹೊರಡುವ ಮುಂಚೆ ಚೀಲವನ್ನು ಅದಕ್ಕೆ ಸಿಕ್ಕಿಸಿ ತೂಗುವುದು ಅಮ್ಮನ ಪದ್ಧತಿ. ಮುಳ್ಳು ನಾಲ್ಕು ದಾಟಿದರೆ ಏನನ್ನಾದರೂ ಹೊರಗೆ ತೆಗೆಯಲೇಬೇಕು. ಇದೆಲ್ಲ ಚಿನಕುರಳಿಗೆ ಚೆನ್ನಾಗಿ ಗೊತ್ತಿತ್ತು.

ಮನೆಗೆ ಬರುವಾಗ ಹೊಸ ಲ್ಯಾಪ್‌ಟಾಪ್‌ನ ಡಬ್ಬವನ್ನು ಅವಳೇ ಎದೆಗವಚಿಕೊಂಡು ನಡೆದಳು. ಬಸ್‌ಸ್ಟಾಪ್ ಬರುವಷ್ಟರಲ್ಲಿ ಮುಖ ಕೆಂಪೇರಿತ್ತು.

“ಭಾರನಾ? ನಾನು ಹಿಡ್ಕೊಳ್ಲಾ?” ಎಂದಳು ಅಮ್ಮ.

“ಇಲ್ಲಪ್ಪ, ಹಗುರ ಇದೆ!” ಎಂದಳು ಚಿನಕುರಳಿ ಉಸಿರು ಬಿಗಿಹಿಡಿದು.

ಆ ಸಂಜೆ ಕಾರ್ ರೇಸ್ ಗೇಮ್ ಹಾಕಿದಳು. ಅಬ್ಬಬ್ಬಾ! ಹಳೆಯದರಲ್ಲಿ ಆಮೆಯ ಹಾಗೆ ತೆವಳುತ್ತಿದ್ದ ಕಾರು ಇಲ್ಲಿ ರೊಯ್ಯನೆ ಹೋಯಿತು. ಪಕ್ಕದ ಮನೆಯ ಗೆಳತಿ ಗುಂಗುರು ತನ್ನ ಗುಂಗುರು ಕೂದಲು ಕುಣಿಸುತ್ತಾ ಪಕ್ಕದಲ್ಲೇ ಕೂತು ಬಾಯಿಬಿಟ್ಟು ನೋಡಿದಳು.

“ನೀನೇ ಲಕ್ಕಿ ಕಣೇ. ನಮ್ಮಮ್ಮ ಆಗಿದ್ರೆ ಇಂಥದ್ದು ಕೊಡಿಸ್ತಾನೇ ಇರ್ಲಿಲ್ಲ,” ಎಂದಳು ಗುಂಗುರು.

ಚಿನಕುರಳಿ ಆ ಮಾತು ಕೇಳಿಸದವಳ ಹಾಗೆ ಸ್ಪೀಡ್ ಜಾಸ್ತಿ ಮಾಡಿದಳು.

ಸೋಮವಾರ ಬೆಳಿಗ್ಗೆ ಅಮ್ಮ ಚೀಲ ತೂಗಿದಳು. ಮುಳ್ಳು ನಾಲ್ಕನ್ನು ದಾಟಿ ಐದರ ಕಡೆ ಓಡಿತು.

“ಇದೇನಿದು?” ಅಮ್ಮ ಚಾರ್ಜರ್ ಹೊರಗೆ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದಳು. “ಚಾರ್ಜರೋ ಇಟ್ಟಿಗೆಯೋ? ಇದರಲ್ಲಿ ಮನೆ ಕಟ್ಟಬಹುದು ಕಣೇ!”

ಅಮ್ಮ ನಕ್ಕಳು. ಚಿನಕುರಳಿ ಬಗ್ಗಿ, ಕಟ್ಟಿದ್ದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದಳು.

ಚೀಲದಿಂದ ಮೊದಲು ಕೊಡೆ ಹೊರಗೆ ಬಂತು. ಮುಳ್ಳು ನಾಲ್ಕಕ್ಕೆ ಇಳಿಯಲಿಲ್ಲ. ನೀರಿನ ಬಾಟಲಿ ಬಂತು. ಇನ್ನೂ ಒಂಚೂರು ಜಾಸ್ತಿಯೇ ಇತ್ತು. ಅಮ್ಮ ಊಟದ ಡಬ್ಬಿ ತೆಗೆದು ಎರಡು ಬಾಳೆಹಣ್ಣು ಇಟ್ಟುಕೊಂಡಳು. ಮುಳ್ಳು ಸರಿಯಾಗಿ ನಾಲ್ಕಕ್ಕೆ ಬಂದು ನಿಂತಿತು.

“ಸರಿ ಹೋಯ್ತು ಬಿಡು,” ಎಂದು ಅಮ್ಮ ಹೊರಟಳು.

ಅಮ್ಮ ಹೋದ ಮೇಲೂ ಕೊಡೆ, ಬಾಟಲಿ, ಡಬ್ಬಿ ಮೂರೂ ಮೇಜಿನ ಮೇಲೇ ಇದ್ದವು. ಅವನ್ನು ನೋಡಲು ಚಿನಕುರಳಿಗೆ ನಾಚಿಕೆಯಾಯಿತು. ಡಬ್ಬಿಯನ್ನು ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದಳು. ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ಮೂರು ವಾರ ಹೀಗೇ ನಡೆಯಿತು. ಅಮ್ಮ ಒಂದು ದಿನ ತೊಪ್ಪೆಯಾಗಿ ನೆನೆದು ಬಂದಳು. ಇನ್ನೊಂದು ದಿನ ಬಂದವಳೇ ನಿಂತಲ್ಲೇ ಮೂರು ಲೋಟ ನೀರು ಗಟಗಟನೆ ಕುಡಿದಳು. ಚಿನಕುರಳಿ ಗೇಮ್ ಆಡುವುದು ಕಡಿಮೆಯಾಯಿತು. ಆ ಬಣ್ಣಬಣ್ಣದ ಬೆಳಕು ಕಂಡರೆ ಲ್ಯಾಪ್‌ಟಾಪನ್ನು ಮುಚ್ಚಿಟ್ಟುಬಿಡುತ್ತಿದ್ದಳು.

ಒಂದು ಗುರುವಾರ ಅಮ್ಮ ಬೇಗ ಬಂದಳು. ಚಪ್ಪಲಿ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಸಿದಳು.

“ಮಕ್ಕಳ ಆಸ್ಪತ್ರೆ ಗೋಡೆ ಕೈಬಿಟ್ಟು ಹೋಯ್ತು,” ಎಂದಳು.

ಆ ಗೋಡೆ ಚಿನಕುರಳಿಗೆ ಗೊತ್ತಿತ್ತು. ಅದಕ್ಕೆ ಅಂತ ಅಮ್ಮ ಲ್ಯಾಪ್‌ಟಾಪ್‌ನಲ್ಲಿ ಸಮುದ್ರ ಬರೆದಿದ್ದಳು. ಸೂಜಿಗೆ ಹೆದರಿ ಅಳುವ ಮಕ್ಕಳು ಎಣಿಸಲಿ ಅಂತ ನೂರಾ ಒಂದು ಮೀನು ಬಿಟ್ಟಿದ್ದಳು. ಅದರಲ್ಲಿ ಕನ್ನಡಕ ಹಾಕಿದ ಮೀನು ಚಿನಕುರಳಿಯದೇ ಐಡಿಯಾ.

“ಅವರಿಗೆ ಇಷ್ಟ ಆಗ್ಲಿಲ್ವಾ?”

“ನೋಡಿದ್ರೆ ತಾನೇ ಇಷ್ಟ ಆಗೋದು? ದೊಡ್ಡ ಡಾಕ್ಟರ್ ಬರೋದು ಎರಡು ಗಂಟೆ ಲೇಟಾಯ್ತು. ಅಷ್ಟರಲ್ಲಿ ಅವರ ಕೈಕೆಳಗಿನವರಿಗೆಲ್ಲ ಒಂದೊಂದು ಸಲ ತೋರಿಸಿದ್ದೆ. ಡಾಕ್ಟರ್ ಬಂದು ಕೂತ್ರು, ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ಪಕ್ಕದಲ್ಲಿ ಪ್ಲಗ್ ಇಲ್ಲ. ನಾನು ಆ ಇಟ್ಟಿಗೆ ಹಿಡ್ಕೊಂಡು ಕಾರಿಡಾರ್ ತುಂಬಾ ಪ್ಲಗ್ ಹುಡುಕಿದ್ದೇ ಹುಡುಕಿದ್ದು. ಬರೋಷ್ಟರಲ್ಲಿ ಅವರು ಎದ್ದು ಹೋಗಿದ್ರು. ಇನ್ನೊಬ್ಬರು ಪೇಪರಲ್ಲಿ ಚಿತ್ರ ಬರೆದು ತಂದಿದ್ರಂತೆ, ಅವರಿಗೇ ಕೊಟ್ಟರು.”

ಅಮ್ಮ ಬಲಭುಜ ನೀವಿಕೊಂಡಳು. “ತಪ್ಪು ನನ್ನದೇ. ಅವತ್ತು ಕನ್ನಡಕ ಮರೀಬಾರದಿತ್ತು. ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ನಾನಾದ್ರೂ ಕೇಳಬೇಕಿತ್ತು. ನೀನು ಪಾಪ, ಇದ್ದಿದ್ದು ಓದಿದೆ.”

ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಆ ‘ಪಾಪ’ ಅನ್ನುವ ಮಾತನ್ನು ಸಹಿಸುವುದು ಕಷ್ಟವಾಯಿತು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಚಿನಕುರಳಿಗೆ. ಆದರೆ ನೆಲ ಗಟ್ಟಿಯಾಗಿಯೇ ಇತ್ತು.

“ಅಮ್ಮಾ, ಕಾರ್ಡ್‌ನಲ್ಲಿ ಇನ್ನೂ ಎರಡು ಸಾಲು ಇತ್ತು.”

“ಯಾವ ಎರಡು ಸಾಲು?”

“ಚಾರ್ಜರ್ ತೂಕ. ಬ್ಯಾಟರಿ.”

“ನೀನು ನೋಡ್ಲಿಲ್ವಾ?”

“ನೋಡಿದೆ. ಹೆಬ್ಬೆರಳು ಅಡ್ಡ ಇಟ್ಕೊಂಡೆ.”

ಅಮ್ಮ ಅವಳನ್ನೇ ನೋಡಿದಳು. “ಗೇಮ್‌ಗೋಸ್ಕರನಾ?”

“ಹೂಂ.”

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿತು. ಒಂದೇ ಲೋಟವನ್ನು ಎಷ್ಟು ಹೊತ್ತು ತೊಳೆದಳೋ! ಚಿನಕುರಳಿ ಬಾಗಿಲ ಹತ್ತಿರ ಹೋಗಿ ನಿಂತಳು.

“ಅಂಗಡಿಗೆ ವಾಪಸ್ ಕೊಡೋಣ ಅಮ್ಮಾ.”

“ಮೂರು ವಾರ ಬಳಸಿದ್ದನ್ನ ಯಾರು ತಗೋತಾರೆ?” ಅಮ್ಮ ನಲ್ಲಿ ನಿಲ್ಲಿಸಿದಳು. “ನನ್ನ ಕಣ್ಣು ನೀನೇ ಅಂತ ಹೇಳಿದ್ದೆ ಅಲ್ವಾ? ಈಗ ಸ್ವಲ್ಪ ಹೊತ್ತು ನನ್ನನ್ನ ಮಾತಾಡಿಸಬೇಡ.”

ಆ ‘ಸ್ವಲ್ಪ ಹೊತ್ತು’ ಮರುದಿನ ಸಂಜೆಯವರೆಗೂ ಮುಗಿಯಲಿಲ್ಲ. ಊಟಕ್ಕೆ ಬಾ, ಬ್ಯಾಗ್ ತೆಗೆದಿಡು, ಅಷ್ಟೇ ಮಾತು.

ಶನಿವಾರ ಶಾಲೆಗೆ ರಜೆ. ಅಮ್ಮನಿಗೆ ಒಂದು ಲೈಬ್ರರಿಯ ಗೋಡೆ ನೋಡಲು ಹೋಗಬೇಕಿತ್ತು. ಅಮ್ಮ ಸ್ನಾನ ಮುಗಿಸಿ ಬರುವಷ್ಟರಲ್ಲಿ ಚಿನಕುರಳಿ ಬಾಗಿಲ ಹಿಂದೆ ಸ್ಟೂಲ್ ಹಾಕಿಕೊಂಡು ನಿಂತಿದ್ದಳು. ಅಮ್ಮನ ಚೀಲ ತಕ್ಕಡಿಯಲ್ಲಿ ತೂಗಾಡುತ್ತಿತ್ತು. ಒಳಗೆ ಲ್ಯಾಪ್‌ಟಾಪ್, ಟೇಪು, ಕೊಡೆ, ನೀರಿನ ಬಾಟಲಿ, ಊಟದ ಡಬ್ಬಿ, ಎಲ್ಲ ಇತ್ತು. ಮುಳ್ಳು ನಾಲ್ಕಕ್ಕೆ ಬಂದು ನಿಂತಿತ್ತು.

“ಇಟ್ಟಿಗೆ ಎಲ್ಲಿ?” ಎಂದಳು ಅಮ್ಮ.

ಚಿನಕುರಳಿ ತಿರುಗಿ ಬೆನ್ನ ಮೇಲಿದ್ದ ಸ್ಕೂಲ್ ಬ್ಯಾಗ್ ತೋರಿಸಿದಳು. “ನನ್ನ ಹತ್ರ ಇದೆ. ಎಕ್ಸ್‌ಟೆನ್ಶನ್ ವಯರ್ ಕೂಡ ಹಾಕ್ಕೊಂಡಿದ್ದೀನಿ. ಅಲ್ಲಿ ಹೋದ ತಕ್ಷಣ ಪ್ಲಗ್ ಹುಡುಕ್ತೀನಿ. ರಜಾ ಇರೋವಾಗೆಲ್ಲ ನಾನು ಬರ್ತೀನಿ.”

ಅಮ್ಮ ಬರಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಬೀಗದ ಕೈ ತೆಗೆದುಕೊಂಡಳು. ಚಿನಕುರಳಿ ಹಿಂದೆಯೇ ಹೊರಟಳು.

ಬಸ್ ಇಳಿದ ಮೇಲೆ ಏರುದಾರಿ ಇತ್ತು. ಮೊದಲ ತಿರುವಿನವರೆಗೆ ಏನೂ ಅನ್ನಿಸಲಿಲ್ಲ. ಎರಡನೆಯ ತಿರುವಿನಲ್ಲಿ ಬ್ಯಾಗಿನ ಪಟ್ಟಿ ಭುಜವನ್ನು ಒತ್ತತೊಡಗಿತು. ಚಾರ್ಜರ್ ಹೆಜ್ಜೆಹೆಜ್ಜೆಗೂ ಬೆನ್ನಿಗೆ ಕುಟ್ಟುತ್ತಿತ್ತು. ಚಿನಕುರಳಿ ಪಟ್ಟಿಯ ಕೆಳಗೆ ಹೆಬ್ಬೆರಳು ತೂರಿಸಿಕೊಂಡು ನಡೆದಳು. ಮುಂದೆ ಹೋಗುತ್ತಿದ್ದ ಅಮ್ಮನೂ ಹಾಗೇ ಹೆಬ್ಬೆರಳು ತೂರಿಸಿಕೊಂಡಿದ್ದಳು. ಅಮ್ಮ ಯಾವಾಗಲೂ ಹಾಗೆ ನಡೆಯುತ್ತಿದ್ದಳು. ಯಾಕೆ ಅಂತ ಚಿನಕುರಳಿ ಇಷ್ಟು ದಿನ ಕೇಳಿಯೇ ಇರಲಿಲ್ಲ.

ಅಮ್ಮ ನಿಂತು ಹಿಂದೆ ತಿರುಗಿದಳು.

“ಭಾರನಾ?”

ಇಲ್ಲ ಅನ್ನುವ ಮಾತು ನಾಲಿಗೆ ತುದಿವರೆಗೂ ಬಂತು. ಚಿನಕುರಳಿ ಅದನ್ನು ನುಂಗಿಕೊಂಡಳು.

“ಹೌದಮ್ಮ,” ಎಂದಳು. “ತುಂಬಾ ಭಾರ ಇದೆ.”

ಅಮ್ಮ ಬ್ಯಾಗ್ ಇಸಿದುಕೊಳ್ಳಲಿಲ್ಲ. ನೀರಿನ ಬಾಟಲಿ ತೆಗೆದು ಅವಳಿಗೆ ಕೊಟ್ಟಳು. ಅವಳು ಕುಡಿದು ಮುಗಿಸುವವರೆಗೆ ನಿಂತಿದ್ದು, ಆಮೇಲೆ ಅವಳ ಜೊತೆಜೊತೆಗೇ ನಿಧಾನವಾಗಿ ನಡೆದಳು.