ಗಂಟಿಲ್ಲದ ಇನ್ನೂರು ತುಂಡು

ಲೆಕ್ಕದ ಮೆಷಿನ್ನಿನ ಹಿಡಿ ತಿರುಗಿಸುವುದು ಯಮುನಳ ಕೆಲಸ, ಅಂಕಿ ಓದುವುದು ರೇವಣ್ಣನ ಕೆಲಸ. ಓದುತ್ತ ಓದುತ್ತ ಅವಳ ಬಳೆ ನೋಡಿ ಸಾಲು ತಪ್ಪುವುದು ಯಾರ ಕೆಲಸವೂ ಅಲ್ಲ. ಆದರೂ ದಿನಕ್ಕೆ ನಾಲ್ಕು ಸಲವಾದರೂ ಅದು ನಡೆಯುತ್ತಿತ್ತು.

“ಮತ್ತೆ ಮೇಲಿನ ಸಾಲೇ ಓದಿದ್ರಿ ಸಾರ್.”

“ಹೌದಾ? ಬೆಳಕು ಕಡಿಮೆ.”

ಶ್ರೀಮಂಗಲದ ಮಾರ್ಚ್ ತಿಂಗಳ ಬಿಸಿಲು, ಅದೂ ಬೆಳಗಿನ ಹನ್ನೊಂದು ಗಂಟೆ. ಯಮುನ ನಗು ನುಂಗಿಕೊಂಡು ಹಿಡಿ ತಿರುಗಿಸಿದಳು.

ರೇವಣ್ಣ ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ ಇಂಜಿನಿಯರ್. ಬೆರಳುದ್ದದ ಮರದ ತುಂಡಿಗೆ ಭಾರ ತೂಗುಹಾಕಿ ಮುರಿದು, ಆ ಅಂಕಿಗಳಿಂದಲೇ ಇಡೀ ತೊಲೆ ಎಷ್ಟು ತಡೆಯುತ್ತದೆಂದು ಲೆಕ್ಕದಲ್ಲಿ ಹೇಳುವುದು ಅವನ ವಿಷಯ. ಕಾಫಿ ಎಸ್ಟೇಟಿನವರು ಕೂಲಿಯವರ ಲೈನ್‌ಮನೆಗಳಿಗೆ ಹೋಗುವ ದಾರಿಯ ತೋಡಿಗೆ ಮತ್ತಿಮರದ ಸೇತುವೆ ಹಾಕಲಿದ್ದರು. ಲೆಕ್ಕಕ್ಕೆ ಇವನನ್ನು ಕರೆಸಿ, ಮೆಷಿನ್ ತಿರುಗಿಸಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೊಳ್ಳಪ್ಪನವರ ಮಗಳು, ಇಂಟರ್ ಪಾಸಾದ ಯಮುನಳನ್ನು ಗೊತ್ತುಮಾಡಿದ್ದರು. ಎರಡು ತಿಂಗಳಲ್ಲಿ ಇನ್ನೂರು ತುಂಡು ಮುರಿದಿದ್ದಾಯಿತು. ಶನಿವಾರ ಅವನು ಹೊರಡುವವನು.

ಅದನ್ನು ನೆನೆದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಅವಳು ಮರ ಕೊಯ್ಯುವ ಕೊಟ್ಟಿಗೆಯ ಮುಂದೆ ಹಾದಳು. ಗರಗಸದ ಲಿಂಗ ಒಲೆಗೆಂದು ಮಂಕರಿಗೆ ತುಂಡು ತುಂಬುತ್ತಿದ್ದ. ಎಲ್ಲವೂ ರೇವಣ್ಣ ಕೇಳಿದ ಅಳತೆಯವೇ, ಆದರೆ ಒಂದೊಂದರಲ್ಲೂ ಗಂಟು.

“ಇದೆಂತ ಲಿಂಗ?”

“ಸಾರ್‌ಗೆ ಕೊಯ್ದದ್ರಲ್ಲಿ ಉಳಿದದ್ದು ಯಮುನಕ್ಕ. ಹೊರಗಿಂದ ಬಂದವ್ರಿಗೆ ಗಂಟಿದ್ದದ್ದು ಕೊಡ್ಲಿಕ್ಕೆ ಆಗ್ತದಾ? ಒಳ್ಳೇದು ಆರಿಸಿ ಕೊಟ್ಟೆ.”

ಯಮುನ ಒಂದು ತುಂಡನ್ನು ಕೈಗೆತ್ತಿಕೊಂಡಳು. ಸೇತುವೆಗೆಂದು ತಂದಿಟ್ಟ ತೊಲೆಗಳಲ್ಲಿ ಗಂಟುಗಳಿದ್ದವು, ಲೆಕ್ಕದಲ್ಲಿ ಒಂದೂ ಇರಲಿಲ್ಲ. ಹೇಳಿದರೆ ರೇವಣ್ಣನ ಎರಡು ತಿಂಗಳ ಶ್ರಮ ನೀರಲ್ಲಿ ಹೋಮ. ಮೊದಲಿನಿಂದ ಮಾಡಬೇಕು, ಅಂದರೆ ಅವನು ಇಲ್ಲೇ ಉಳಿಯಬೇಕು. ಉಳಿಸಿಕೊಳ್ಳಲೆಂದೇ ಇವಳು ಕೊಂಕು ತೆಗೆದಳು ಎಂದು ಅವನು ಅಂದುಕೊಂಡರೆ? ಉಳಿಯಲಿ ಎಂಬ ಆಸೆ ಸುಳ್ಳೂ ಆಗಿರಲಿಲ್ಲವಲ್ಲ, ಅದೇ ಕಷ್ಟ. ಆದರೆ ಆ ಸೇತುವೆಯ ಮೇಲೆ ಕಾಫಿ ಮೂಟೆ ಹೊತ್ತು ನಡೆಯುವವರು ಲೈನಿನ ಕೂಲಿ ಹೆಂಗಸರು, ಮುತ್ತಿ, ಕಾಳಿ. ಅವಳು ಮಂಕರಿಯನ್ನೇ ತಂದು ಅವನ ಮೇಜಿನ ಮೇಲಿಟ್ಟು, ಲಿಂಗ ಹೇಳಿದ್ದನ್ನು ಹೇಳಿದಳು.

ರೇವಣ್ಣ ಒಂದು ತುಂಡಿಗೆ ಭಾರ ತೂಗುಹಾಕಿದ. ಹಿಂದಿನವು ಹೊತ್ತದ್ದರ ಅರ್ಧಕ್ಕೇ ಗಂಟಿನ ಹತ್ತಿರ ಮುರಿಯಿತು. ಅವನು ಇನ್ನೂರು ತುಂಡಿನ ಅಂಕಿಗಳ ಮೇಲೆ ಅಡ್ಡಗೆರೆ ಎಳೆದ.

“ಲಿಂಗನಿಗೆ ಬೈಬೇಡಿ ಸಾರ್. ಅವ ಮರ್ಯಾದೆ ಮಾಡಿದ್ದು. ಮತ್ತೆ... ನೀವು ಇಲ್ಲೇ ಇರ್ಬೇಕು ಅಂತ ನಾನು ಹೇಳಿದ್ದಲ್ಲ.”

ಹಾಗೆಂದು ಅವನು ಪ್ರಶ್ನೆ ಕೇಳಿಯೇ ಇರಲಿಲ್ಲ. ಯಮುನ ನಾಲಿಗೆ ಕಚ್ಚಿಕೊಂಡಳು.

“ಅಲ್ವಾ?” ಅವನು ಮೆಲ್ಲಗೆ ಕೇಳಿದ.

“ಅದೂ ಉಂಟು,” ಎಂದಳು ನೆಲ ನೋಡುತ್ತ. “ಆದ್ರೆ ಸೇತುವೆ ಮೊದಲು.”

ಅವನು ಮುರಿದ ತುಂಡನ್ನು ಕೈಯಲ್ಲಿ ತಿರುಗಿಸಿದ. “ಯಮುನಾ, ನೀವು ಎರಡು ತಿಂಗಳು ನೋಡಿದ್ದೂ ನನ್ನಲ್ಲಿ ಆರಿಸಿ ತೆಗೆದ ತುಂಡೇ. ಇಸ್ತ್ರಿ ಅಂಗಿ, ಮೆತ್ತಗಿನ ಮಾತು. ನಂಗೆ ಮುಂಗೋಪ ಇದೆ. ಬೆಳಗ್ಗೆ ಕಾಫಿ ಆಗೋವರೆಗೂ ಯಾರ ಜೊತೆಗೂ ಮಾತಾಡಲ್ಲ. ಅಮ್ಮ ನಾಲ್ಕು ಪುಟ ಕಾಗದ ಬರೆದ್ರೆ ನಾನು ಎರಡು ಸಾಲು ಬರೀತೀನಿ. ಇದೆಲ್ಲ ಸೇರಿಸಿದ್ರೂ ಪರವಾಗಿಲ್ಲ ಅನ್ನಿಸಿದ್ರೆ, ನಿಮ್ಮ ತಂದೆಯವರ ಹತ್ರ ಮಾತಾಡ್ತೀನಿ.”

ಯಮುನ ಎದ್ದು ಹೋಗಲಿಲ್ಲ. ಮೆಷಿನ್ನಿನ ಹಳೆಯ ಅಂಕಿಗಳನ್ನೆಲ್ಲ ಅಳಿಸಿ ಸೊನ್ನೆಗೆ ತಂದಳು. ಅವಳ ಕಿವಿ ಕೆಂಪಾಗಿತ್ತು.

“ಅಪ್ಪ ಐದು ಗಂಟೆಗೆ ಬರ್ತಾರೆ. ಅಷ್ಟರೊಳಗೆ ಹತ್ತು ತುಂಡು ಮುಗಿಸುವ. ಓದಿ, ಸಾಲು ತಪ್ಪಬೇಡಿ.”

ಅವನು ಮೊದಲ ಸಾಲಲ್ಲೇ ತಪ್ಪಿದ.