ಕಂಕುಳಲ್ಲಿಟ್ಟ ರಕ್ತ

ಅವನು ಆಸ್ಪತ್ರೆಯ ರಕ್ತ ಪರೀಕ್ಷೆಯ ಕೋಣೆಯಲ್ಲಿ ಹಳಬ. ರಕ್ತದ ಕ್ಯಾನ್ಸರಿನ ಹೊಸ ಔಷಧ ಉಳಿದಿದ್ದುದು ಒಬ್ಬರಿಗಷ್ಟೇ. ಕಾಯುತ್ತಿದ್ದವರು ಇಬ್ಬರು, ಒಬ್ಬ ದರ್ಜಿ ಮತ್ತು ಅವನ ಸ್ವಂತ ಅಕ್ಕ. ತಾಯಿ ಹೋದ ಮೇಲೆ ಅವನನ್ನು ಸೊಂಟದಲ್ಲಿ ಹೊತ್ತು ಸಾಕಿದವಳು. ಈಗ ರಕ್ತದಲ್ಲಿ ಬಿಳಿ ಕಣಗಳು ಕಳೆಯಂತೆ ಹಬ್ಬಿ, ಮಂಚದ ಮೇಲೆ ಹಿಡಿಯಷ್ಟಾಗಿದ್ದಳು.

ರಕ್ತದಲ್ಲಿ ಓಲೆಕಾರನಂತೆ ಸುದ್ದಿ ಹೊತ್ತು ತಿರುಗುವ ಒಂದು ಪ್ರೋಟೀನ್ ಇದೆ. ರಕ್ತದಲ್ಲೇ ಇರುವ ಕಿಣ್ವವೊಂದು ಅದರ ತುದಿ ಕತ್ತರಿಸಿದರೆ ಓಲೆಕಾರ ಮನೆ ಮುಟ್ಟುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. ಹೀಗೆ ತುದಿ ಕಳೆದುಕೊಂಡದ್ದು ಹೆಚ್ಚಿದ್ದವರಿಗಷ್ಟೇ ಆ ಔಷಧ. ಅಕ್ಕನದು ಕೂದಲೆಳೆಯಷ್ಟು ಕಡಿಮೆ ಬಂದಿತ್ತು. ಸಂಜೆ ಇನ್ನೊಮ್ಮೆ ನೋಡೋಣ, ಆಗಲೂ ಕಡಿಮೆಯಾದರೆ ದರ್ಜಿಗೆ ಎಂದಿದ್ದರು ಡಾಕ್ಟರಮ್ಮ.

ಆದರೆ ಕಿಣ್ವ ಮೈಯಿಂದ ಹೊರಬಂದರೂ ಸುಮ್ಮನಿರುವುದಿಲ್ಲ. ಬೆಚ್ಚಗಿದ್ದಷ್ಟೂ ಕತ್ತರಿಸುತ್ತಲೇ ಇರುತ್ತದೆ. ಅದಕ್ಕೇ ಈ ರಕ್ತವನ್ನು ತೆಗೆದ ಕೂಡಲೇ ಐಸಿನಲ್ಲಿಡಬೇಕೆಂಬ ನೇಮ. ಹೊಸಬರಿಗೆಲ್ಲ ಆ ನೇಮ ಕಲಿಸಿದವನೇ ಅವನು. ಈಗ ಅವನ ಉಪಾಯ ಇಷ್ಟೇ: ಬೆಳಿಗ್ಗೆಯೇ ರಕ್ತ ತೆಗೆಯುವುದು, ದಿನವಿಡೀ ಕಂಕುಳಲ್ಲಿಟ್ಟುಕೊಳ್ಳುವುದು, ಸಂಜೆ ಐಸಿಗಿಳಿಸಿ ಈಗಷ್ಟೇ ತೆಗೆದದ್ದು ಎನ್ನುವುದು. ಒಳಗೆ ಕತ್ತರಿಸಿದ್ದು ಯಾವುದು, ಹೊರಗೆ ಕತ್ತರಿಸಿದ್ದು ಯಾವುದು ಎಂದು ಯಂತ್ರ ಹೇಳಲಾರದು. ಅಕ್ಕನಿಗೆ ಔಷಧ ಹಿಡಿಯದೆ ಹೋದರೆ? ಮುಳುಗುವವನು ಹುಲ್ಲುಕಡ್ಡಿಯ ಗಟ್ಟಿತನ ನೋಡುವುದಿಲ್ಲ. ಇನ್ನೆಷ್ಟು ಚುಚ್ಚುವುದು, ಉಳಿದ ಪರೀಕ್ಷೆಗಳನ್ನೂ ಅದೇ ನಳಿಕೆಯಲ್ಲಿ ಮಾಡಿಕೊಳ್ಳಿ ಎಂದು ಡಾಕ್ಟರಮ್ಮನನ್ನು ಬೇಡಿಕೊಂಡ. ಐಸಿನಲ್ಲಿರುತ್ತಲ್ಲ, ಆಗಲಿ ಎಂದರು.

ಸೂಜಿ ಹಿಡಿದು ಹೋದಾಗ ಅಕ್ಕ ಸಕ್ಕರೆ ಸುರಿದ ಚಹಾ ಕುಡಿಯುತ್ತಿದ್ದಳು.

"ವಾರ್ಡಲ್ಲಿ ಸೊಳ್ಳೆ ಕಮ್ಮಿ ಆಯ್ತು ಅಂತ ನೀನು ಬಂದ್ಯೇನೋ ತಮ್ಮಾ?"

"ಸುಮ್ನೆ ಕೈ ಚಾಚಕ್ಕ."

"ಸುಮ್ನಿದ್ರೆ ಹೋದ್ಲು ಅಂತ ಮುಖಕ್ಕೆ ಬಟ್ಟೆ ಎಳೀತೀರಿ."

ದಿನವಿಡೀ ಎಡಗೈಯನ್ನು ಮೈಗೊತ್ತಿಕೊಂಡೇ ನಡೆದ, ರೆಕ್ಕೆಯಡಿ ಮರಿಯಿಟ್ಟ ಹಕ್ಕಿಯಂತೆ. ಎದುರಾದ ದರ್ಜಿ ಕೈ ಮುಗಿದ. ತಿರುಗಿ ಮುಗಿಯಲು ಅವನಿಗೆ ಇದ್ದುದು ಒಂದೇ ಕೈ. ಲೋಕವೆಲ್ಲ ದೇವರೇ ಕಣ್ಣು ಬಿಡು ಎನ್ನುತ್ತದೆ. ಅವನು, ಇವತ್ತೊಂದು ದಿನ ಕಣ್ಣು ಮುಚ್ಚಿಕೋ ತಂದೆ ಎಂದ.

ಸಂಜೆ ಯಂತ್ರ ಅವನ ಪರವಾಗಿಯೇ ನುಡಿಯಿತು. ತುದಿ ಹೋದ ಪ್ರೋಟೀನ್ ಬೇಕಾದಷ್ಟು ಬಂದಿತ್ತು. ಅವನು ಗೋಡೆಗೊರಗಿ ಮೊದಲ ಸಲ ಉಸಿರು ಬಿಟ್ಟ.

ಅಷ್ಟರಲ್ಲಿ ಡಾಕ್ಟರಮ್ಮ ಗ್ಲೂಕೋಸ್ ಬಾಟಲಿ ಹಿಡಿದು ಓಡಿಬಂದರು. "ನಿಮ್ಮಕ್ಕನಿಗೆ ಪ್ರಜ್ಞೆ ಇದೆಯೇನ್ರಿ? ರಕ್ತದಲ್ಲಿ ಸಕ್ಕರೆ ತಳ ಕಂಡಿದೆ." ಇಬ್ಬರೂ ವಾರ್ಡಿಗೆ ಓಡಿದರು. ಅಕ್ಕ ದಿಂಬಿಗೊರಗಿ ಆಯಾಳನ್ನು ನಗಿಸುತ್ತ ಕೂತಿದ್ದಳು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಸರಿಯಾಗಿಯೇ ಇತ್ತು. ಆಗ ಅವನಿಗೆ ಹೊಳೆಯಿತು: ಬೆಚ್ಚಗೆ ಕೆಲಸ ಮಾಡಿದ್ದು ಕಿಣ್ವವೊಂದೇ ಅಲ್ಲ. ಜೀವವಿದ್ದದ್ದು ಉಣ್ಣುತ್ತದೆ. ಅಕ್ಕನ ಆ ಲೆಕ್ಕವಿಲ್ಲದ ಬಿಳಿ ಕಣಗಳು ಅವನ ಕಂಕುಳಲ್ಲಿ ಕೂತು, ನಳಿಕೆಯ ಸಕ್ಕರೆಯನ್ನೆಲ್ಲ ಉಂಡು ಮುಗಿಸಿದ್ದವು. "ಐಸಿನಲ್ಲಿರೋ ರಕ್ತಕ್ಕೆ ಇಷ್ಟು ಹಸಿವಾಗಲ್ಲ," ಎಂದರು ಡಾಕ್ಟರಮ್ಮ, ಮೆಲ್ಲಗೆ. ಅಕ್ಕ ಚಹಾದ ಲೋಟವನ್ನು ತಮ್ಮನತ್ತ ಚಾಚಿದಳು. "ಹಸಿದಿರೋದು ಇವ್ನು ಡಾಕ್ಟರಮ್ಮ. ಬೆಳಿಗ್ಗೆಯಿಂದ ಎಡಗೈ ಮೈಗೆ ಅಂಟಿಸ್ಕೊಂಡು ಓಡಾಡ್ತಿದ್ದಾನೆ, ಊಟಕ್ಕೂ ಕೂತಿಲ್ಲ."