ಗುರುಮಠಕಲ್‌ನ ಮುದುಕ

ಫೋಟೋದ ಮುಖ ತಿರುಚುವ ಆ ಆಪ್ ಲಾಲಮ್ಮನಿಗೆ ತೋರಿಸಿಕೊಟ್ಟವನು ತಾನೇ ಎಂಬುದನ್ನು ರಾಮಲಿಂಗನಿಗೆ ಸಹಿಸಲಾಗುತ್ತಿರಲಿಲ್ಲ.

ಶಹಾಪುರದಲ್ಲಿ ಅವನ ಫೋಟೋ ಸ್ಟುಡಿಯೋಗೆ ಇಪ್ಪತ್ತೆರಡು ವರ್ಷ. ಪಕ್ಕದ ಮಳಿಗೆಯಲ್ಲಿ ಜಂಪರ್ ಹೊಲಿಯುವ ಲಾಲಮ್ಮ ಸ್ಮಾರ್ಟ್‌ಫೋನ್ ಹಿಡಿದು ಎರಡು ವರ್ಷವೂ ಆಗಿರಲಿಲ್ಲ. ಗಿರಾಕಿಯಿಲ್ಲದ ಮಧ್ಯಾಹ್ನ ಅವಳು ಯಾರದೋ ಫೋಟೋ ತೆರೆದು ಬೆರಳಿನಿಂದ ಎಳೆಯುತ್ತಿದ್ದಳು. ಮೂಗು ಹಗ್ಗವಾಗುತ್ತಿತ್ತು, ಗಲ್ಲ ಕರಗಿ ಎದೆಗಿಳಿಯುತ್ತಿತ್ತು, ಹಣೆಯಲ್ಲಿ ಇನ್ನೊಂದು ಬಾಯಿ ತೆರೆಯುತ್ತಿತ್ತು. ಹಾಗೆ ತಿರುಚಿದ ಮೇಲೆಯೇ ಆ ಮುಖದ ಸಂಕಟ ನಿಜವೆನಿಸುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ಅದೇ ಅವನನ್ನು ಸುಡುತ್ತಿತ್ತು. ಸುರಪುರದ ಕಾಲೇಜಿನವರು ಆ ಚಿತ್ರಗಳನ್ನು ನೋಡಲು ಬಂದು, ಅವನ ಬಾಗಿಲಲ್ಲೇ ನಿಂತು, "ಲಾಲಮ್ಮಾರ ಅಂಗಡಿ ಎಲ್ಲೈತ್ರಿ?" ಎಂದು ಕೇಳಿ ಹೋಗುತ್ತಿದ್ದರು.

ಯಾದಗಿರಿಯಲ್ಲಿ ಮೊಬೈಲ್ ಚಿತ್ರಗಳ ಸ್ಪರ್ಧೆಯಿದೆಯೆಂದು ತಿಳಿದಾಗ ಅವಳೇ ಬಂದು ಫೋನನ್ನು ಅವನ ಕೈಗಿಟ್ಟಳು.

"ಅಣ್ಣಾ, ನನಗ ಈ ಫಾರಂ ಗೀರಂ ತಿಳಿಯಂಗಿಲ್ಲ. ಚಲೋದೊಂದು ನೀವ ಆರಿಸಿ ಕಳಸ್ರಿ."

"ಆತು ಬಿಡವ್ವ. ಫೋನೂ ಭಾಳ ತುಂಬೈತಿ, ಸ್ವಲ್ಪ ಖಾಲಿ ಮಾಡಿ ಕೊಡ್ತೀನಿ."

ಅವನು ಅವಸರಪಡಲಿಲ್ಲ. ಹಿಂದಿನ ದಿನವಷ್ಟೇ ಅವಳು ಮುಗಿಸಿದ್ದ, ಇನ್ನೂ ಯಾರೂ ನೋಡಿರದ ಒಂದು ಚಿತ್ರವನ್ನು ಆರಿಸಿದ. ಮುಚ್ಚಿದ ರೆಪ್ಪೆಗಳು ಮೇಣದಂತೆ ಇಳಿಬಿದ್ದ, ಬಾಯಿ ಬಾವಿಯಷ್ಟು ಅಗಲವಾದ ಮುಖ. 'ಗುರುಮಠಕಲ್‌ನ ಮುದುಕ' ಎಂದು ಹೆಸರಿಟ್ಟು ತನ್ನ ಹೆಸರಿನಲ್ಲಿ ಕಳಿಸಿದ. ಆಮೇಲೆ ಗ್ಯಾಲರಿಯನ್ನು, ಆಪ್‌ನ ಒಳಗಿನ ಪ್ರತಿಗಳನ್ನು, ಕೊನೆಗೆ ಕಸದ ಬುಟ್ಟಿಯನ್ನೂ ಅಳಿಸಿದ. ಒಂದೊಂದಾಗಿ ನೋಡುತ್ತ ಕೂರಲಿಲ್ಲ. ಎಲ್ಲವನ್ನೂ ಒಟ್ಟಿಗೇ ಆರಿಸಿ ಒಂದೇ ಸಲ ಒತ್ತಿದ. ಅವಳ ಬಳಿ ಇನ್ನು ಯಾವ ಪುರಾವೆಯೂ ಉಳಿಯಲಿಲ್ಲ.

"ಕೈ ತಪ್ಪಿತವ್ವ. ಕಳಸೂಕಿಂತ ಮುಂಚೇನೇ ಎಲ್ಲಾ ಹೋದ್ವು," ಎಂದ, ಮುಖ ಸಣ್ಣದು ಮಾಡಿ.

ಲಾಲಮ್ಮ ಫೋನ್ ಇಸಿದುಕೊಂಡಳು. "ಹೋಗ್ಲಿ ಬಿಡ್ರಿ ಅಣ್ಣಾ, ಮನಸಿಗೆ ಹಚ್ಚಿಕೋಬ್ಯಾಡ್ರಿ. ಮತ್ತ ಮಾಡ್ತೀನಿ."

ಒಂದು ಕ್ಷಣ ಅವನಿಗೆ ನಾಚಿಕೆಯಾಯಿತು. ಮರುಕ್ಷಣವೇ ಆ ಮಾತು ಚುಚ್ಚಿತು. ಮತ್ತೆ ಮಾಡುತ್ತಾಳಂತೆ, ಅಷ್ಟು ಸಲೀಸಾಗಿ!

ಮೊದಲ ಬಹುಮಾನ ಅವನಿಗೇ ಬಂತು. ಹೆಂಡತಿ ರೇಣಮ್ಮ ರೇಷ್ಮೆ ಸೀರೆಯುಟ್ಟು ಯಾದಗಿರಿಗೆ ಜೊತೆಯಲ್ಲಿ ಬಂದಳು. ಗೋಡೆಯೆತ್ತರಕ್ಕೆ ದೊಡ್ಡದು ಮಾಡಿ ತೂಗುಹಾಕಿದ್ದ ಚಿತ್ರದ ಮುಂದೆ ತೀರ್ಪುಗಾರರು ಮೈಕ್ ಹಿಡಿದು ಕೇಳಿದರು: ಇದು ಯಾರ ಮುಖ? ರಾಮಲಿಂಗ ಉತ್ತರವನ್ನು ವಾರದಿಂದ ಸಿದ್ಧಮಾಡಿಟ್ಟುಕೊಂಡಿದ್ದ. ಗುರುಮಠಕಲ್ ಬಸ್‌ಸ್ಟ್ಯಾಂಡಿನಲ್ಲಿ ಕಂಡ ಮುದುಕ. ತೆಲುಗಿನಲ್ಲೇ ಮಾತಾಡಿಸಿ, ಚಹಾ ಕುಡಿಸಿ, ತಾನೇ ಫೋಟೋ ತೆಗೆದದ್ದು. ಆಮೇಲೆ ಆ ಮುದುಕ ತೀರಿಕೊಂಡನಂತೆ. ಸಭೆ ಚಪ್ಪಾಳೆ ತಟ್ಟಿತು.

ರೇಣಮ್ಮ ಮಾತ್ರ ಚಿತ್ರಕ್ಕೆ ಇನ್ನೂ ಹತ್ತಿರ ಹೋಗಿ ನಿಂತಳು. ಲಾಲಮ್ಮ ಮುಖವನ್ನೆಲ್ಲ ಎಳೆದಾಡಿದ್ದಳು, ಎಡಗಿವಿಯೊಂದನ್ನು ಮುಟ್ಟಿರಲಿಲ್ಲ. ಅದರ ಹಾಲೆ ನಡುವೆ ಸೀಳಿತ್ತು. ಊರವರ ಮುಖಗಳನ್ನೆಲ್ಲ ತಿದ್ದಿದ ರಾಮಲಿಂಗ ತನ್ನ ಕಿವಿಯನ್ನು ಪಕ್ಕದಿಂದ ಒಮ್ಮೆಯೂ ನೋಡಿದವನಲ್ಲ. "ಅಯ್ಯ, ಯಾವ ಮುದುಕ್ರಿ? ಇದು ನಿಮ್ಮ ಕಿವಿ ಅಲ್ಲೇನು!" ರೇಣಮ್ಮನ ನಗು ಮೈಕಿನಲ್ಲಿ ಸಭೆಗೆಲ್ಲ ಕೇಳಿಸಿತು. "ಊಟ ಆದ ಮ್ಯಾಲ ಸ್ಟುಡಿಯೋದ ಕುರ್ಚ್ಯಾಗ ಹಿಂಗ ಬಾಯಿ ತಕ್ಕೊಂಡು ಮಲಗ್ತೀರಲ್ಲ. ಮಲಗಿದಾಗ ಯಾರು ತಗದಾರ್ರಿ ಇದನ್ನ?"